ಒಲೆಗೂಡು ವಿಸ್ತರಣ ಮೀಮಾಂಸೆ

ಕನ್ನಡದಲ್ಲಿ ಶಾಸ್ತ್ರಗ್ರಂಥಗಳಿಗೆ ಬರವಿಲ್ಲ. ಛಂದಸ್ಸಿಗಿದೆ, ಕುದುರೆಯ ವೈದ್ಯಕ್ಕಿದೆ, ಅಡುಗೆಗೆ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವೇ ಇದೆ. ಆದರೆ ಹಳೆಯ ಒಲೆಗೂಡಿನಲ್ಲಿ ಗ್ಯಾಸಿನ ಒಲೆ ಕೂರಿಸುವ ವಿಧಿಯನ್ನು ಹದಿನಾರನೆಯ ಶತಮಾನದ ಮಂಗರಸ ಹೇಳದೆಯೇ ಹೋದ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆಯ ತವರು ಅಣ್ಣಿಗೇರಿ ಎಂದು ಕುರಿಕ್ಯಾಲದ ಶಾಸನದಿಂದ ತಿಳಿಯುತ್ತದೆ. ಆ ತವರುಮನೆಯ ಒಲೆಯ ಅಳತೆ ಮಾತ್ರ ಶಾಸನದಲ್ಲಿಲ್ಲ. ಪೂರ್ವಸೂರಿಗಳ ಈ ಅಲಕ್ಷ್ಯದಿಂದ ಧಾರವಾಡ ಸೀಮೆಯ ಗೃಹಸ್ಥರಿಗಾದ ತೊಡಕನ್ನು ಬಿಡಿಸಲು ಮೀಮಾಂಸಕರ ಐದು ಅಂಗಗಳ ಕ್ರಮದಲ್ಲಿ ಇಲ್ಲಿ ಯತ್ನಿಸಲಾಗಿದೆ.

೧. ವಿಷಯ

ನವಲಗುಂದದ ಕಡೆಯ ಒಂದು ಮಾಳಿಗೆಮನೆ. ಕಲ್ಲು-ಮಣ್ಣಿನ ಗೋಡೆ ಎರಡು ಅಡಿ ದಪ್ಪ. ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣಿನ ಮೇಲ್ಮುದ್ದೆ. ಅಡುಗೆಮನೆಯ ಮೂಲೆಯಲ್ಲಿ, ಗೋಡೆಯೊಳಗೇ ಬಿಟ್ಟ ಗೂಡಿನಲ್ಲಿ, ನೆಲಕ್ಕಂಟಿದ ಒಲೆ, ಮಗ್ಗುಲಿಗೆ ಕೋಡೊಲೆ. ಗೂಡಿನ ನೆತ್ತಿಗೆ ಮಸಿ ಹಿಡಿದ ಹಾಸುಗಲ್ಲು, ಹೊಗೆಗೆ ಬೆಳಕಿಂಡಿಯೇ ಗತಿ. ಗೂಡಿನ ಅಗಲ ಎರಡು ಅಡಿ ಎಂದಿಟ್ಟುಕೊಳ್ಳೋಣ. ಎರಡು ಬರ್ನರಿನ ಗ್ಯಾಸ್ ಒಲೆಯ ಅಗಲ ಹೆಚ್ಚುಕಡಿಮೆ ಎರಡೂಕಾಲು ಅಡಿ. ಜಗತ್ತಿನ ಬಹುಪಾಲು ಮಹಾಯುದ್ಧಗಳಂತೆ ಇದೂ ಮೂರಿಂಚಿನ ಜಗಳ.

೨. ಸಂಶಯ

ಗೂಡು ಹಿಗ್ಗಿಸಬೇಕೋ, ಬೇಡವೋ? ಹಿಗ್ಗಿಸದೆ ಗ್ಯಾಸನ್ನು ಬೇರೆ ಮೂಲೆಗೆ ಇಟ್ಟರೆ ಮನೆಯಲ್ಲಿ ಒಲೆ ಎರಡಾದವು. ನಮ್ಮ ಕಡೆ ಒಲೆ ಎರಡಾದವು ಎಂದರೆ ಅಣ್ಣತಮ್ಮಂದಿರು ಬೇರೆಯಾದರು ಎಂದೇ ಊರು ತಿಳಿಯುತ್ತದೆ. ಭಾರತದ ಜನಗಣತಿಯೂ ಒಂದೇ ಅಡುಗೆಮನೆಯಲ್ಲಿ ಉಣ್ಣುವವರನ್ನೇ ಒಂದು ಕುಟುಂಬವೆಂದು ಎಣಿಸುತ್ತದೆ. ಎರಡು ಒಲೆ, ಒಂದು ಅಡುಗೆಮನೆ ಇದ್ದಲ್ಲಿ ಗಣತಿಗೆ ಬಂದ ಮಾಸ್ತರರು ‘ಒಂದು’ ಎಂದು ಬರೆದುಕೊಂಡು ಚಹಾ ಕುಡಿದು ಹೋಗುತ್ತಾರೆ. ಆ ಚಹಾ ಯಾವ ಒಲೆಯ ಮೇಲೆ ಕಾಯಿತು ಎಂಬ ಕಾಲಂ ಅವರ ಹಾಳೆಯಲ್ಲಿ ಇದ್ದರೂ, ಕಾಯಿಸಿದವರು ಅತ್ತೆಯೋ ಸೊಸೆಯೋ ಎಂಬ ಕಾಲಂ ಇಲ್ಲ.

೩. ಪೂರ್ವಪಕ್ಷ

ಹಿಗ್ಗಿಸಕೂಡದು ಎಂಬ ಪಂಥಕ್ಕೆ ಪ್ರಮಾಣಗಳು ಬಲವಾಗಿವೆ. 1796ರಲ್ಲಿ ಕೌಂಟ್ ರಮ್‌ಫರ್ಡ್ ಎಂಬ ಪಂಡಿತ ಇಂಗ್ಲೆಂಡಿನ ಅಗ್ಗಿಷ್ಟಿಕೆಗಳ ಮೇಲೆ ಪ್ರಬಂಧ ಬರೆದು, ಬಾಯಿ ಕಿರಿದು ಮಾಡಿರಿ, ಹೊಗೆಯ ಗಂಟಲು ಬಿಗಿ ಮಾಡಿರಿ, ಮಗ್ಗುಲ ಗೋಡೆಗಳನ್ನು ಓರೆ ಮಾಡಿರಿ ಎಂದು ಸಾರಿದ. ಬಾಯಿ ದೊಡ್ಡದಾದಷ್ಟೂ ಹೊಗೆ ಮೇಲೇರುವುದನ್ನು ಬಿಟ್ಟು ಮನೆಯವರ ಕಣ್ಣಿಗೆ ಬರುತ್ತದೆ. ನಮ್ಮವರೂ ಅದನ್ನೇ ಹೇಳಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ ಮುಂದೆ ಮೂರು ಪಾತ್ರೆಯ ಅಸ್ತ್ರ ಒಲೆ ಕೊಟ್ಟಿತು. ಒಳಗೆ ಜಾಳಿಗೆ, ಹಿಂದೆ ಹೊಗೆಕೊಳವೆ, ಪಾತ್ರೆ ಕಂಡಿಗೆ ಬಿಗಿಯಾಗಿ ಕೂತು ಉರಿ ಸೋರದಂತೆ ಬಂದೋಬಸ್ತು. ಮನೆಯ ಕೊಡಪಾನ ಆ ಕಂಡಿಯಲ್ಲಿ ಕೂರದಿದ್ದಾಗ ಕುಡಗೋಲಿನ ಹಿಂಬದಿಯಿಂದ ಕಂಡಿಯನ್ನೇ ಕುಟ್ಟಿ ಅಗಲ ಮಾಡಿಕೊಂಡವರುಂಟು. ವಿಜ್ಞಾನ ಕಿರಿದು ಮಾಡುತ್ತ ಬಂದಿದೆ, ಸಂಸಾರ ಹಿಗ್ಗಿಸುತ್ತ ಬಂದಿದೆ.

ಇದೇ ಪಂಥದ ಹಿರಿಯ ಆಚಾರ್ಯೆ ಆ ಮನೆಯ ಅತ್ತೆ. ಅವರ ಸೂತ್ರ ಒಂದೇ: “ನಮ್ಮತ್ತಿ ಹಚ್ಚಿದ ಒಲಿ. ಇದರಾಗ ಹತ್ತು ಮಂದಿ ಉಂಡ್ ಬೆಳದಾರ. ಗೂಡು ಹಿಗ್ಗಿಸಿದ್ರ ಜ್ವಾಳ ಹೆಚ್ಚಾಗತಾವೇನು?”

೪. ಉತ್ತರಪಕ್ಷ

ಹಿಗ್ಗಿಸಬೇಕು ಎಂಬ ಪಂಥದ ಮೂಲಪುರುಷ ಮನೆಯ ಯಜಮಾನ. 2016ರ ಮೇ 1ರಂದು ಉತ್ತರ ಪ್ರದೇಶದ ಬಲ್ಲಿಯಾದಲ್ಲಿ ಉಜ್ವಲಾ ಯೋಜನೆ ಶುರುವಾದ ಮೇಲೆ ಊರೂರಿಗೆ ಬಂದ ಸಿಲಿಂಡರು ಇವರ ಮನೆಗೂ ಬಂತು. ಒಲೆ ಇದ್ದಲ್ಲೇ ಒಲೆ ಇರಬೇಕು, ದೇವಮೂಲೆ ಅಗ್ನಿಮೂಲೆ ತಪ್ಪಬಾರದು ಎಂಬುದು ಅವರ ವಾದ. ಭಾಷ್ಯಕಾರನಾಗಿ ಗೌಂಡಿ ಬಂದ. ಮುಷ್ಟಿಯಿಂದ ಗೋಡೆ ಬಡಿದು ಕಿವಿಗೊಟ್ಟ, ಬಾಯೊಳಗಿನ ಎಲೆ-ಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ. “ಗೌಡ್ರ, ಹಾಸಗಲ್ಲಿನ ಮ್ಯಾಲ ತೊಲಿ ಕುಂತೈತ್ರಿ. ಮೊದಲ ಟೇಕು ಕೊಟ್ಟು, ಆಮ್ಯಾಲ ಕಲ್ಲು ಬಿಚ್ಚಬೇಕು. ಹೊಸ ಹಾಸಗಲ್ಲು ಎರಡೂ ಕಡೆ ಗೇಣುದ್ದ ಗ್ವಾಡಿ ಮ್ಯಾಲ ಕುಂಡ್ರಬೇಕು. ಮೂರಿಂಚು ಅಂದ್ರ ಮೂರಿಂಚಲ್ರಿ.”

ಇದು ಗ್ರಂಥಕ್ಕೆ ಸಿಕ್ಕ ಏಕೈಕ ನಿರ್ವಿವಾದ ವಾಕ್ಯ. ಕಿಂಡಿ ಅಗಲವಾದಂತೆ ಮೇಲಿನ ಕಲ್ಲಿನ ಮೇಲೆ ಹೊರೆಯೂ ಬಾಗುವ ಬಲವೂ ಏರುತ್ತವೆ. ಕಲ್ಲಿನ ಗುಣವೆಂದರೆ ಎಷ್ಟು ಭಾರ ಹೇರಿದರೂ ತಾಳೀತು, ಬಾಗಿಸಿದರೆ ತಾಳದು. ಸಾಲದ್ದಕ್ಕೆ ನವಲಗುಂದ, ಅಣ್ಣಿಗೇರಿಯ ಎರೆನೆಲ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಮೇಲಿನ ಗೋಡೆ ಅದರ ಜೊತೆ ವರ್ಷಕ್ಕೊಮ್ಮೆ ಕುಣಿದಿರುತ್ತದೆ. ಇನ್ನು ಉರುವಲಿನ ಮಾತಿಗೆ ಬಂದರೆ, ಕಾಡಿನ ಕಟ್ಟಿಗೆ ಸಿಗುವ ಕಲಘಟಗಿಯವರಿಗೆ ಗ್ಯಾಸಿನ ವಾದ ಅವಸರದ್ದಲ್ಲ. ಹತ್ತಿಕಟ್ಟಿಗೆಯನ್ನೂ ಕುಳ್ಳನ್ನೂ ನಂಬಿದ ಎರೆಸೀಮೆಯಲ್ಲಿ, ಹತ್ತಿಕಟ್ಟಿಗೆ ಭರ್ರನೆ ಉರಿದು ತೀರುವುದರಿಂದ ಒಲೆಯ ಮುಂದಿಂದ ಏಳುವ ಹಾಗಿಲ್ಲ. ಅಲ್ಲಿ ಗ್ಯಾಸಿನ ಪಕ್ಷ ತಾನಾಗಿಯೇ ಗಟ್ಟಿ.

ಹೊಗೆಯ ಪರೀಕ್ಷೆಗೆ ಯಂತ್ರ ಬೇಕಿಲ್ಲ. ಕುಂದಗೋಳದ ಒಣಮೆಣಸಿನಕಾಯಿ ನಾಲ್ಕು ಹುರಿದರೆ ಸಾಕು. ಮೊದಲು ಬೆಳಕಿಂಡಿಯ ಮೇಲಿನ ಬೆಕ್ಕು ಸೀನಿದರೆ ಗೂಡು ಸರಿ; ಪಡಸಾಲೆಯ ಯಜಮಾನ ಕೆಮ್ಮಿದರೆ ಗೂಡು ಹಿಗ್ಗಿದ್ದು ಹೆಚ್ಚಾಯಿತು.

೫. ಸಂಗತಿ

ಇಷ್ಟು ಹೊತ್ತು ಪಡಸಾಲೆಯ ವಾದ ಕೇಳುತ್ತ ರೊಟ್ಟಿ ಬಡಿಯುತ್ತಿದ್ದ ಸೊಸೆ, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ಕೇಳಿದಳು: “ಅತ್ತಿ, ಗ್ಯಾಸ್ ನೆಲದ ಮ್ಯಾಲ ಇಟ್ರ ಸಿಲಿಂಡರ್ ಎಲ್ಲಿ ಇಡೋದ್ರೀ?”

ಸಭೆ ಸ್ತಬ್ಧ. ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು ಎಂದು ಗ್ಯಾಸ್ ಕಂಪನಿಯವರು ಕೊಟ್ಟ ಚೀಟಿಯಲ್ಲೇ ಇದೆ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲ ಹಿಡಿದು ತಗ್ಗಿನಲ್ಲೇ ತಂಗುತ್ತದೆ, ನೆತ್ತಿಯ ಮೇಲಿನ ಬೆಳಕಿಂಡಿಗೆ ಹೋಗುವುದಿಲ್ಲ. 14.2 ಕಿಲೋ ಅನಿಲ ತುಂಬಿದ ಸಿಲಿಂಡರು ನೆಟ್ಟಗೆ ನೆಲದ ಮೇಲೆ, ಒಲೆ ಕಟ್ಟೆಯ ಮೇಲೆ ಇರತಕ್ಕದ್ದು. ಅಂದಮೇಲೆ ನೆಲಗೂಡನ್ನು ಮೂರಿಂಚಲ್ಲ, ಮೂರು ಮಾರು ಹಿಗ್ಗಿಸಿದರೂ ಪ್ರಯೋಜನವಿಲ್ಲ. ಪಂಡಿತರು ಅಗಲ ಅಳೆದರು, ದಪ್ಪ ಅಳೆದರು, ದಿಕ್ಕು ಅಳೆದರು. ಅಡುಗೆ ಮಾಡುವವಳ ಎತ್ತರ ಅಳೆಯಲಿಲ್ಲ, ಅವಳನ್ನು ಕೇಳಲೂ ಇಲ್ಲ.

ಆದ್ದರಿಂದ ನಿರ್ಣಯ: ಗೂಡು ಇದ್ದಂತೆ ಇರಲಿ; ರೊಟ್ಟಿಯೂ ಜಳಕದ ನೀರೂ ಅಲ್ಲೇ ಆಗಲಿ. ಕಿಟಕಿಯ ಮಗ್ಗುಲಲ್ಲಿ ಸೊಸೆಯನ್ನು ನಿಲ್ಲಿಸಿ, ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ಗೆರೆ ಹಾಕಿ, ಆ ಎತ್ತರಕ್ಕೆ ಕಡಪಾ ಕಲ್ಲಿನ ಕಟ್ಟೆ ಹಾಕಿಸತಕ್ಕದ್ದು. ಒಲೆ ಎರಡಾದರೂ ಮನೆ ಒಂದೇ ಎಂಬುದಕ್ಕೆ ಜನಗಣತಿಯೇ ಪ್ರಮಾಣ.

ಫಲಶ್ರುತಿ

ಇದನ್ನು ಶ್ರದ್ಧೆಯಿಂದ ಪೂರ್ತಿ ಓದಿದ ಯಜಮಾನನಿಗೆ ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ. ಅರ್ಧ ಓದಿದವನಿಗೆ ಕಟಕ ರೊಟ್ಟಿ. ಓದದೆ ಟೇಕು ಕೊಡದೆ ಗೋಡೆಗೆ ಹಾರೆ ಹಾಕಿಸಿದವನಿಗೆ ತಾಟಿನಲ್ಲಿ ಮೇಲ್ಮುದ್ದೆಯ ಮಣ್ಣು. ಈ ಸಿದ್ಧಾಂತಕ್ಕೆ ಆಕ್ಷೇಪ ಎತ್ತುವ ವಿದ್ವಾಂಸರು ಮೊದಲು ನೆಲದ ಮೇಲೆ ಕೂತು, ಹತ್ತಿಕಟ್ಟಿಗೆಯ ಉರಿಯಲ್ಲಿ, ಇಪ್ಪತ್ತು ಜೋಳದ ರೊಟ್ಟಿ ಬಡಿದು ಬೇಯಿಸಿ ತರತಕ್ಕದ್ದು. ರೊಟ್ಟಿ ದುಂಡಗಿದ್ದರೆ ಮಾತ್ರ ವಾದ ಸ್ವೀಕರಿಸಲಾಗುವುದು.