ಮಿರ್ಚಿ ತಿಂದವನು ಯಾರೋ, ಖಾರ ಹತ್ತಿದ್ದು ನನಗೆ

ನನ್ನ ಖಾತೆಗೆ ಬೀಗ ಜಡಿದಿರುವ ಬ್ಯಾಂಕಿನ ಮ್ಯಾನೇಜರ್ ಸಾಹೇಬರಿಗೆ, ಹೊಸಪೇಟೆಯ ಮಿರ್ಚಿ-ಮಂಡಕ್ಕಿ ಅಂಗಡಿಯವನ ಶಿರಸಾಷ್ಟಾಂಗ ನಮಸ್ಕಾರ.

ಇವತ್ತೂ ನಿಮ್ಮ ಶಾಖೆಯಲ್ಲಿ ಟೋಕನ್ ಹಿಡಿದು ಮಧ್ಯಾಹ್ನದ ತನಕ ಕೂತಿದ್ದೆ. ಕಲಸಿಟ್ಟು ಬಂದ ಕಡಲೆಹಿಟ್ಟು ಹುಳಿ ಬಂತು. ಕೊನೆಗೆ ಸಿಕ್ಕ ಪ್ರಸಾದ ಇಷ್ಟು: ‘ಹೋಲ್ಡ್ ನಾವು ಹಾಕಿದ್ದಲ್ಲ, ಮೇಲಿಂದ ಬಂದೈತಿ. ನಾಳೆ ಬರ್ರಿ.’ ನಿಮ್ಮ ಶಾಖೆಯ ಮೇಲೆ ನೀರಿನ ಟ್ಯಾಂಕು ಬಿಟ್ಟರೆ ಬೇರೆ ಯಾರೂ ಕಾಣಲಿಲ್ಲ, ಸಾಹೇಬರೇ.

ನನ್ನ ಅಪರಾಧ ಏನು? ಯಾವನೋ ಗಿರಾಕಿ ಮಿರ್ಚಿ ತಿಂದು 60 ರೂಪಾಯಿ ಸ್ಕ್ಯಾನ್ ಮಾಡಿ ಹೋದ. ಅದು ಬೇರೆ ರಾಜ್ಯದಲ್ಲಿ ಯಾರಿಗೋ ಟೋಪಿ ಹಾಕಿದ ದುಡ್ಡಂತೆ. ಕಳಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರು. ಮಾಡಲೇಬೇಕು, ಪಾಪ. ದುಡ್ಡು ಹರಿದ ದಾರಿ ಹಿಡಿದು ಪೊಲೀಸರ ಕಾಗದ ಬಂತು, ನನ್ನ ಇಡೀ ಖಾತೆಗೆ ಬೀಗ ಬಿತ್ತು. ಆ 60 ರೂಪಾಯಿ ಹಿಡಕೊಳ್ಳಿ, ಬೇಕಾದರೆ ಮಿರ್ಚಿಯನ್ನೂ ಕಟ್ಟಿಕೊಡುತ್ತೇನೆ. ಮಗಳ ಕಾಲೇಜು ಫೀಸು, ಎಣ್ಣೆ ಅಂಗಡಿಯ ಬಾಕಿ, ಮೆಣಸಿನಕಾಯಿ ತಂದುಕೊಡುವ ಕಂಪ್ಲಿಯ ಗೆಳೆಯನ ಲೆಕ್ಕ, ಇವು ಯಾರಿಗೆ ಟೋಪಿ ಹಾಕಿದ್ದವು?

ಕ್ಯೂಆರ್ ಅಂಟಿಸಲು ಬಂದಾಗ ನಿಮ್ಮ ಹುಡುಗರ ಬಾಯಲ್ಲಿ ಬೆಲ್ಲವಿತ್ತು. 2020ರ ಜನವರಿಯಿಂದ ಯುಪಿಐಗೆ ವ್ಯಾಪಾರಿ ಶುಲ್ಕವೇ ಇಲ್ಲ ಅಂದರು. ನಿಜ. ಕೂಗುವ ಡಬ್ಬಿಗೆ ಮಾತ್ರ ತಿಂಗಳ ಬಾಡಿಗೆ. ಬೀಗ ಬಿದ್ದ ಮೇಲೂ ಅದು ‘ಸ್ವೀಕರಿಸಲಾಗಿದೆ’ ಎಂದು ಕೂಗುತ್ತಲೇ ಇದೆ. ಡೆಬಿಟ್ ಫ್ರೀಜ್ ಅಂದರೆ ಹಾಗಂತೆ: ದುಡ್ಡು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಸ್ವೀಕರಿಸಿದ್ದು ಹೌದು, ನಾನಲ್ಲ, ನೀವು.

ಕೇರಳ ಹೈಕೋರ್ಟ್ 2023ರಲ್ಲೇ ಇಂಥ ಪ್ರಕರಣಗಳಲ್ಲಿ ತಕರಾರಿನ ಮೊತ್ತಕ್ಕಷ್ಟೇ ತಡೆ ಇರಲಿ ಎಂದಿದೆ. ಪ್ರಿಂಟ್ ತೆಗೆಸಿ ತಂದುಕೊಟ್ಟೆ. ‘ಇದು ಕೇರಳದ್ದು’ ಅಂದರು ನಿಮ್ಮವರು. ಹೊರರಾಜ್ಯದ ದೂರಿಗೆ ಗಡಿ ಇಲ್ಲ, ಹೊರರಾಜ್ಯದ ತೀರ್ಪಿಗೆ ಮಾತ್ರ ವೀಸಾ ಬೇಕು! ‘ನಾಳೆ ಬರ್ರಿ.’

2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ, ಹರಿಯುವ ನೀರಿನಲ್ಲೇ ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಇಳಿಸಿದ ಊರು ಇದು. 60 ರೂಪಾಯಿಯ ಗೇಟು ಎತ್ತಲು ನಿಮಗೆ ಯಾವ ಎಂಜಿನಿಯರನ್ನು ಕರೆಸಲಿ?

ಸಾಕು, ಇನ್ನು ನಗಲು ಆಗದು. ಇದು ನನ್ನ ದುಡ್ಡು. ಎಣ್ಣೆಯ ಮುಂದೆ ನಿಂತು ದುಡಿದದ್ದು. ಕಳ್ಳನಿಗೆ ಸಿಗುವ ಎಫ್‌ಐಆರ್ ಪ್ರತಿಯಷ್ಟೂ ನನಗೆ ಸಿಕ್ಕಿಲ್ಲ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಜಿಎಸ್‌ಟಿ ನೋಟಿಸು ಬಂದಾಗ ಬೆಂಗಳೂರಿನ ಅಂಗಡಿಗಳು ‘ನಗದು ಮಾತ್ರ’ ಎಂದು ಬೋರ್ಡು ಬರೆದವು. ಈಗ ನನ್ನ ಕಥೆ ಕೇಳಿ ಸಂಡೂರಿನ ಷಡ್ಡಕ ಕ್ಯೂಆರನ್ನು ಗೋಡೆಗೆ ತಿರುಗಿಸಿದ್ದಾನೆ. ಹಂಪಿಯ ತೆಪ್ಪದವರೂ ‘ನೋಟು ಕೊಡ್ರಿ’ ಅನ್ನತೊಡಗಿದ್ದಾರೆ. ಭಯಕ್ಕೆ ಸ್ಕ್ಯಾನರ್ ಬೇಕಿಲ್ಲ.

ಬೇಡಿಕೆ ದೊಡ್ಡದಲ್ಲ. ಯಾವ ಠಾಣೆ, ದೂರಿನ ಸಂಖ್ಯೆ ಎಷ್ಟು, ತಕರಾರಿನ ಮೊತ್ತ ಎಷ್ಟು ಎಂದು ಸಹಿ-ಸೀಲು ಹಾಕಿ ಬರೆದುಕೊಡಿ. ಅಷ್ಟು ಹಿಡಿದು ಉಳಿದದ್ದನ್ನು ಬಿಡಿ. ಗಿರಾಕಿಗಳಲ್ಲಿ ಒಂದು ವಿನಂತಿ: ಅಲ್ಲಿಯತನಕ ಚಿಲ್ಲರೆ ತನ್ನಿ, ಉದ್ರಿಯಾದರೂ ಹೇಳಿ, ಸ್ಕ್ಯಾನ್ ಮಾತ್ರ ಮಾಡಬೇಡಿ.