ಹೊಗೆ ಎಂಜಿನ್ನಿಂದು, ಬೈಗುಳ ಸೈಲೆನ್ಸರಿಗೆ

ಹೊಸಪೇಟೆಯ ಹೊರವಲಯದ ಒಂದು ಗುಜರಿ ಅಂಗಡಿ. ತಕ್ಕಡಿಯ ಪಕ್ಕದಲ್ಲಿ, ಕಾಲು ಮುರಿದ ಕಬ್ಬಿಣದ ಮಂಚಕ್ಕೂ ಎರಡು ಹಳೇ ಏರ್ ಕೂಲರ್‌ಗಳಿಗೂ ನಡುವೆ, ಲಾರಿಯ ಸೈಲೆನ್ಸರ್ ಒಂದು ಮಲಗಿತ್ತು. 2006ರ ಮಾಡೆಲ್ಲಿನ ಹತ್ತು ಗಾಲಿ ಟಿಪ್ಪರಿನ ಹೊಟ್ಟೆ ಕೆಳಗೆ ಇಷ್ಟು ಕಾಲ ದುಡಿದು, ಬೆಳಿಗ್ಗೆಯಷ್ಟೇ ಸೇವೆಯಿಂದ ವಜಾ ಆಗಿದೆ. ಫಿಟ್‌ನೆಸ್ ಸರ್ಟಿಫಿಕೇಟಿಗೆ, ಅಂದರೆ ಎಫ್‌ಸಿಗೆ ಹೋದಲ್ಲಿ, ‘ಸೈಲೆನ್ಸರ್ ಒಡೆದಿದೆ, ಹೊಗೆಯೂ ಜೋರಿದೆ, ಬದಲಿಸಿಕೊಂಡು ಎಮಿಷನ್ ಸರ್ಟಿಫಿಕೇಟ್ ಸಮೇತ ಬನ್ನಿ’ ಎಂದರಂತೆ. ನೋಟಿಸಿಲ್ಲ, ಇಲಾಖಾ ವಿಚಾರಣೆ ಇಲ್ಲ, ಪಿಂಚಣಿಯ ಮಾತಂತೂ ಇಲ್ಲವೇ ಇಲ್ಲ. ತೂಕಕ್ಕೆ ಏರಿಸುವ ಮೊದಲು ನಾಲ್ಕು ಮಾತಾಡಲು ಗುಜರಿಯವರು ಅವಕಾಶ ಕೊಟ್ಟರು.

ವರದಿಗಾರ: ನಮಸ್ಕಾರ ಹಿರಿಯರೇ. ಇಂಥ ದಿನ ಬಂದು ತೊಂದರೆ ಕೊಡ್ತಿದ್ದೇವೆ.

ಸೈಲೆನ್ಸರ್: ಬಾ ತಮ್ಮಾ, ಕೂಡು. ಆ ಬ್ಯಾಟ್ರಿ ಮ್ಯಾಲ ಕೂಡಬ್ಯಾಡ, ಪ್ಯಾಂಟು ಸುಡ್ತೈತಿ. ಟಯರ್ ಮ್ಯಾಲ ಕೂಡು. ನನ್ನ ಮಾತು ಕೇಳಾಕ ಇಷ್ಟು ವರ್ಷದಾಗ ಒಬ್ಬರೂ ಬಂದಿದ್ದಿಲ್ಲ. ಕೇಳಿದವರೆಲ್ಲ ಕಿವಿ ಮುಚ್ಚಿಕೊಂಡವರ.

ವರದಿಗಾರ: ನಿಮ್ಮ ಮೇಲಿರುವ ಮುಖ್ಯ ಆರೋಪ ಹೊಗೆ.

ಸೈಲೆನ್ಸರ್: ಹೊಗಿ ನಾ ಹುಟ್ಟಸ್ತೀನೇನು? ಇಲ್ಲಿ ನನ್ನ ಪಕ್ಕಿ ಕಿತ್ತೈತಿ, ಇಣಿಕಿ ನೋಡು. ಏನೈತಿ? ಅಡ್ಡಡ್ಡ ನಾಕು ತಗಡು, ಜರಡಿ ಹಂಗ ತೂತು ಹೊಡೆದ ಎರಡು ಕೊಳವಿ, ಮ್ಯಾಲ ಬೆರಳು ದಪ್ಪ ಮಸಿ. ಬೆಂಕಿ ಐತೇನು? ಡೀಸೆಲ್ ಐತೇನು? ಎಂಜಿನ್ ಮಾಡೋ ಗದ್ದಲಾನ ಈ ತಗಡಿನಾಗ ಆಕಡೆ ಈಕಡೆ ತಿರುಗಿಸಿ, ಸುಸ್ತು ಮಾಡಿ ಹೊರಗ ಕಳಸೋದು ನನ್ನ ಕೆಲಸ. ಸದ್ದು ನನ್ನ ಖಾತಿ. ಹೊಗಿ ನನ್ನ ಖಾತ್ಯಾಗ ಬರಂಗೇ ಇಲ್ಲ. ಹಸಿ ಕಟ್ಟಿಗಿ ತುರುಕಿ ಒಲಿ ಹಚ್ಚಿ, ಮನಿ ತುಂಬ ಹೊಗಿ ಆತಂತ ಚಿಮಣಿ ಕಿತ್ತು ಹೊಸಾದು ಹಚ್ಚಿದರ ಏನು ಉಪಯೋಗ?

ವರದಿಗಾರ: ಹಾಗಾದರೆ ನಿಜವಾದ ಅಪರಾಧಿ ಯಾರು?

ಸೈಲೆನ್ಸರ್: ಹೆಸರು ಹೇಳ್ತೀನಿ, ಬರ್ಕೊ. ಮೊದಲನೇದು ಏರ್ ಫಿಲ್ಟರ್. ಸಂಡೂರಿನ ಗಣಿ ಧೂಳು ನೋಡೀಯಿಲ್ಲೊ? ಮರದ ಎಲಿ, ಮನಿ ಗ್ವಾಡಿ, ನಾಯಿ ಬೆನ್ನು ಎಲ್ಲಾ ಕೆಂಪು. ಅದೇ ಧೂಳಿನಾಗ ನಮ್ಮ ಟಿಪ್ಪರ್ ಉಸಿರು ತಗೋಬೇಕು. ಫಿಲ್ಟರ್ ಕಟ್ಟಿದರ ಒಳಗ ಗಾಳಿ ಕಡಿಮಿ, ಡೀಸೆಲ್ ಮಾತ್ರ ಅಷ್ಟ. ಅರ್ಧಂಬರ್ಧ ಉರಿದ ಡೀಸೆಲ್ಲೇ ಕರಿ ಹೊಗಿ. ನಮ್ಮ ಸಾವ್ಕಾರ್ರು ಫಿಲ್ಟರ್ ಬದಲು ಮಾಡಂಗಿಲ್ಲ. ಪಂಚರ್ ಅಂಗಡ್ಯಾಗ ಗಾಳಿ ಹೊಡಿಸಿ, ನೆಲಕ್ಕ ನಾಕು ಸಲ ಬಡಿದು, ಮತ್ತ ಒಳಗ ಇಡ್ತಾರ. ಆ ಫಿಲ್ಟರ್ ನನಗಿಂತ ಸೀನಿಯರ್ ಅಂತ ನನಗ ಅನುಮಾನ.

ಎರಡನೇದು ನಾಜಲ್. ಮಂಜಿನ ಹಂಗ ಚಿಮ್ಮಬೇಕಾದ್ದು ಸವೆದು, ಹನಿ ಹನಿ ಉಚ್ಚಿ ಹೊಯ್ತೈತಿ. ಮೂರನೇದು ಡೀಸೆಲ್ ಪಂಪು. ಜಾಸ್ತಿ ಲೋಡ್ ಎಳೀಲಿ ಅಂತ ಸ್ಕ್ರೂ ತಿರುವಿ ಡೀಸೆಲ್ ಏರಿಸಿರ್ತಾರ. ನಾಕನೇದು ರಿಂಗು, ಲೈನರ್. ಅವು ಸವೆದು ಆಯಿಲ್ ಮ್ಯಾಲ ಬಂತಂದ್ರ ಹೊಗಿ ನೀಲಿ ತಿರುಗ್ತೈತಿ. ಬಿಳಿ ಹೊಗಿ ನಿಲ್ಲದಂಗ ಬಂತಂದ್ರ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಒಳಗ ಇಳೀತೈತಿ ಅಂತ ತಿಳ್ಕೊ. ಮೇಸ್ತ್ರಿಗಳು ಬಾನೆಟ್ ತೆಗೀದನ ಹೊಗಿ ಬಣ್ಣ ನೋಡಿ ರೋಗ ಹೇಳ್ತಾರ.

ವರದಿಗಾರ: ಎಕ್ಸಾಸ್ಟ್ ಕಡೆಯವರಲ್ಲಿ ಯಾರ ತಪ್ಪೂ ಇಲ್ಲವೇ? ನೀವೊಬ್ಬರೇ ಸಾಚಾ ಎಂದರೆ ಓದುಗರು ನಂಬುವುದಿಲ್ಲ.

ಸೈಲೆನ್ಸರ್: ಒಬ್ಬಾಂವ ಅದಾನ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್. ಟರ್ಬೊಕಿಂತ ಮುಂಚೆ ಅಲ್ಲಿ ಸೋರಿದರ ಟರ್ಬೊ ತಿರುಗೋ ಜೋರು ತಗ್ಗತೈತಿ, ಗಾಳಿ ಕಡಿಮಿ ಆಗ್ತೈತಿ, ಹೊಗಿ ಕರ್ರಗ ಆಗ್ತೈತಿ. ನಮ್ಮ ಪೈಕಿ ಬದಲಿಸಿದರ ಫಾಯಿದೆ ಇರೋದು ಅವನ್ನ. ಆದರ ಅಂವ ಒಳಗ ಕುಂತಾನ, ಯಾರ ಕಣ್ಣಿಗೂ ಬೀಳಂಗಿಲ್ಲ. ನಾ ಹೊರಗ ಜೋತು ಬಿದ್ದೀನಿ.

ವರದಿಗಾರ: ಇದೆಲ್ಲ ಮಾಲೀಕರಿಗೆ ತಿಳಿದಿರಲಿಲ್ಲವೇ?

ಸೈಲೆನ್ಸರ್: ಮೇಸ್ತ್ರಿ ಬಾಯಿ ಬಿಟ್ಟು ಹೇಳಿದ. ‘ಸಾವ್ಕಾರ್ರೆ, ಪಂಪು ನಾಜಲ್ ಬಿಚ್ಚಿ ಕ್ಯಾಲಿಬ್ರೇಶನ್‌ಗೆ ಕಳಸೋಣ, ಫಿಲ್ಟರ್ ಹಾಕೋಣ, ರಿಂಗೂ ಒಂದು ಸಲ ನೋಡಿ ಬಿಡೋಣ’ ಅಂದ. ಸಾವ್ಕಾರ್ರು ಕೇಳಿದ್ದು ಒಂದ ಪ್ರಶ್ನೆ: ‘ಗಾಡಿ ಎಷ್ಟು ದಿನ ನಿಲ್ತೈತಿ?’ ಸೈಲೆನ್ಸರ್ ಅಂದ್ರ ಊಟದೊಳಗ ಮುಗೀತೈತಿ. ಎರಡು ಕ್ಲ್ಯಾಂಪ್, ಒಂದು ಬೆಂಡ್ ಪೈಪ್, ಸ್ವಲ್ಪ ವೆಲ್ಡಿಂಗ್, ಮ್ಯಾಲೊಂದು ಕೋಟ್ ಬೆಳ್ಳಿ ಬಣ್ಣ. ಫೋಟೊದಾಗೂ ಚೆಂದ ಬರ್ತೈತಿ. ಎಂಜಿನ್ ಬಿಚ್ಚಿದರ ಒಳಗ ಇನ್ನೂ ಏನೇನು ಕಾಣ್ತೈತೋ ಅನ್ನೋ ಹೆದರಿಕಿ ಬ್ಯಾರೆ. ಈ ಭಾಗದ ಗಣಿಯೊಳಗ ಇಣಿಕಿ ನೋಡಿದವರ ಕಥಿ ಎಲ್ಲಾರಿಗೂ ಗೊತ್ತಲ್ಲ.

ವರದಿಗಾರ: ನೀವು ಇಲ್ಲಿನ ಅದಿರು ಗಣಿಗಾರಿಕೆಯ ಭರಾಟೆಯನ್ನು ಕಣ್ಣಾರೆ ಕಂಡವರು.

ಸೈಲೆನ್ಸರ್: ಕಣ್ಣಿಲ್ಲ, ಮೂಗಿನಿಂದ ಕಂಡೀನಿ. 2008ರ ಬೀಜಿಂಗ್ ಒಲಿಂಪಿಕ್ಸ್ ಮುಂಚಿನ ವರ್ಷ ಅವು. ಚೀನಾಕ್ಕ ಎಷ್ಟು ಅದಿರು ಕೊಟ್ಟರೂ ಸಾಲ್ತಿದ್ದಿಲ್ಲ. ಸಂಡೂರಿಂದ ಹೊಸಪೇಟಿ, ಕೊಪ್ಪಳ, ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಬೇಲೆಕೇರಿ ಬಂದರು. ಮುಂದಿನ ಲಾರಿ ಬಿಟ್ಟ ಹೊಗಿ ನಮ್ಮ ಫಿಲ್ಟರಿಗೆ, ನಾವು ಬಿಟ್ಟಿದ್ದು ಹಿಂದಿನಾಂವಗ. ಕಾಗದದಾಗ ನಮ್ಮ ಗಾಡಿ ಒಟ್ಟು ತೂಕ 25 ಟನ್. ನಿಜ ಎಷ್ಟಿತ್ತು ಅಂತ ಸ್ಪ್ರಿಂಗ್ ಪಟ್ಟಿ ಕೇಳು, ಈ ಮೂಲ್ಯಾಗ ಅಲ್ಲೇ ಎಲ್ಲೋ ಮುರಿದು ಬಿದ್ದೈತಿ. ಆ ಲೋಡಿಗೆ ಏರು ಹತ್ತುವಾಗ ಕರಿ ಹೊಗಿ ಬರದ ಮತ್ತೇನು ಊದುಬತ್ತಿ ವಾಸ್ನಿ ಬರ್ತೈತೇನು? ಆಗ ಯಾರೂ ನನ್ನ ಬದಲು ಮಾಡಬೇಕು ಅಂದಿದ್ದಿಲ್ಲ. ಸದ್ದು ಅಡಗಸೋ ಕೆಲಸಕ್ಕ ನನಗಿಂತ ದೊಡ್ಡವರು ಬಹಳ ಮಂದಿ ಇದ್ದರು.

ವರದಿಗಾರ: ಆಮೇಲೆ 2011.

ಸೈಲೆನ್ಸರ್: ಜುಲೈ ಕಡೀವಾರ. ಅಕ್ರಮ ಗಣಿಗಾರಿಕಿ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ 27ಕ್ಕ, ಬಳ್ಳಾರಿ ಜಿಲ್ಲಾದಾಗ ಗಣಿ ಬಂದ್ ಮಾಡ್ರಿ ಅಂತ ಸುಪ್ರೀಂ ಕೋರ್ಟ್ ಅಂದಿದ್ದು 29ಕ್ಕ. ಎರಡ ದಿನ ಅಂತರ. ಟಿಪ್ಪರ್‌ಗಳು ನಿಂತಲ್ಲೇ ನಿಂತವು. ಬ್ಯಾಂಕಿನ ಕಂತು ಮಾತ್ರ ನಿಲ್ಲಲಿಲ್ಲ. ನಿಲ್ಲೋದು ನಮ್ಮ ಜಾತಿಗೆ ಭಾಳ ಕೆಟ್ಟದ್ದು. ಎಂಜಿನ್ ಬಿಸಿ ಇದ್ದಾಗ ಒಳಗಿನ ನೀರು ಆವಿ ಆಗಿ ಹೋಗ್ತೈತಿ. ನಿಂತರ ತಳದಾಗ ಕೂಡ್ತೈತಿ. ಅದರ ಜೋಡಿ ಡೀಸೆಲ್ಲಿನ ಗಂಧಕ ಸೇರಿದರ ಆಸಿಡ್. ನಾನು ಹುಟ್ಟಿದ ಕಾಲದ ಡೀಸೆಲ್‌ನಾಗ ಹತ್ತು ಲಕ್ಷಕ್ಕ 500 ಭಾಗ ಗಂಧಕ ಇರಬಹುದಿತ್ತು, ಈಗಿನದ್ರಾಗ 10 ಮಾತ್ರ. ನನಗ ತೂತು ಬೀಳಾಕ ಶುರು ಆಗಿದ್ದು ಆ ನಿಂತ ಕಾಲದಾಗ. ಮರುವರ್ಷದಿಂದ ಗಣಿ ಒಂದೊಂದ ತೆರದವು. ನಮ್ಮ ಸಾವ್ಕಾರ್ರು ಕಾಯಲಿಲ್ಲ, ಕಂಪ್ಲಿ ಕಡಿ ಭತ್ತ ಹೊಡಿಯಾಕ ಬಿಟ್ಟರು.

ವರದಿಗಾರ: ಕಂಪ್ಲಿ ಹೇಗಿತ್ತು?

ಸೈಲೆನ್ಸರ್: ಸ್ವರ್ಗ. ಧೂಳು ಕಡಿಮಿ, ಗದ್ದಿ ಗಾಳಿ. ಡ್ಯಾಮಿನಿಂದ ನೀರು ಬಿಟ್ಟಾಗ ಕಂಪ್ಲಿ ಸೇತುವಿ ಮುಳುಗಿ ಗಂಗಾವತಿ ದಾರಿ ಬಂದ್ ಆಗ್ತಿತ್ತು, ನಮಗ ರಜಾ. ಆಮ್ಯಾಲ ಬಾಡಿಗಿ ಜಾಸ್ತಿ ಅಂತ ಮತ್ತ ಸಂಡೂರಿಗೇ ತಂದರು.

ವರದಿಗಾರ: ಇಷ್ಟು ತೂತು ಇಟ್ಟುಕೊಂಡು ಆರಾರು ತಿಂಗಳಿಗೊಮ್ಮೆ ಎಮಿಷನ್ ಟೆಸ್ಟ್ ಹೇಗೆ ಪಾಸಾದಿರಿ?

ಸೈಲೆನ್ಸರ್: (ನಕ್ಕಾಗ ಒಳಗಿಂದ ತುಕ್ಕು ಉದುರಿತು) ತೂತಿನಿಂದನ ಪಾಸಾಗಿದ್ದು! ಟೆಸ್ಟ್ ಹೆಂಗ ಮಾಡ್ತಾರ ಗೊತ್ತೇನು? ಕಾನೂನಿನ ಪ್ರಕಾರ ಎಂಜಿನ್ ಬಿಸಿ ಇರಬೇಕು, ನ್ಯೂಟ್ರಲ್‌ನಾಗ ಎಕ್ಸಲೇಟರ್ ಪೂರ್ತಿ ಒತ್ತಬೇಕು, ಬಿಡಬೇಕು, ಹಂಗ ಹಲವು ಸಲ. ಬಾಲದಾಗ ಒಂದು ಕೊಳವಿ ತುರುಕಿರ್ತಾರ. ಹೊಗಿಯೊಳಗ ಹಾಯ್ದು ಬೆಳಕು ಎಷ್ಟು ದಾಟ್ತೈತಿ ಅಂತ ಮೀಟರ್ ಅಳೀತೈತಿ. ನಮ್ಮಂಥ ಹಳೇ ಡೀಸೆಲ್ ಗಾಡಿಗೆ ಹೊಗಿ ಅಳತಿ 65 ಹಾರ್ಟ್ರಿಡ್ಜ್ ತನಕ ಮಾಫಿ, ಬಿಎಸ್-4 ಗಾಡಿಗೆ 50. ಈಗ ನಡಿಯೋದು ಹೇಳ್ತೀನಿ. ಹುಡುಗ ‘ರೇಸ್ ಕೊಡಣ್ಣ’ ಅಂತಾನ. ಡ್ರೈವರ್ ಅರ್ಧ ಒತ್ತತಾನ. ‘ಪೂರ್ತಿ ಕೊಡಣ್ಣ’ ಅಂದ್ರ ಮುಕ್ಕಾಲು ಒತ್ತತಾನ. ಹಿಂದಿನ ದಿನನ ಪಂಪಿನ ಸ್ಕ್ರೂ ತಿರುವಿ ಡೀಸೆಲ್ ಇಳಿಸಿರ್ತಾರ, ಸರ್ಟಿಫಿಕೇಟ್ ಕೈಗೆ ಬಂದ ಸಂಜೀಗೆ ಮತ್ತ ಏರಸ್ತಾರ. ಇಷ್ಟಾದ ಮ್ಯಾಲೂ ಉಳಿದ ಹೊಗಿ ನನ್ನ ಹತ್ರ ಬರ್ತೈತಲ್ಲ, ಅದರಾಗ ಅರ್ಧ ನನ್ನ ತೂತಿನಿಂದ ಕೆಳಗ ಇಳಿದು ಟಯರ್ ಸಂದ್ಯಾಗ ಹೋಗ್ತೈತಿ. ಉಳಿದ ಅರ್ಧಕ್ಕ ತೂತಿನಿಂದ ಹೊರಗಿನ ಗಾಳಿ ಬೆರೆತು, ಬಾಲಕ್ಕ ಮುಟ್ಟೋ ಹೊತ್ತಿಗೆ ತೆಳ್ಳಗಾಗಿರ್ತೈತಿ. ಮೀಟರ್ ನೋಡಿ ‘ಹಳೇ ಗಾಡಿ ಆದ್ರೂ ಚಲೋ ಮೇಂಟೇನ್ ಮಾಡೀರಿ’ ಅಂತ ಒಬ್ಬ ಹುಡುಗ ಹೊಗಳಿದ್ದ.

ವರದಿಗಾರ: ಇದು ಮೋಸವಲ್ಲವೇ? ಸರ್ಟಿಫಿಕೇಟ್ ಇಲ್ಲದಿದ್ದರೆ 2019ರ ತಿದ್ದುಪಡಿಯಂತೆ 10 ಸಾವಿರ ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಸೈಲೆನ್ಸರ್: ಅದು ಸರ್ಟಿಫಿಕೇಟ್ ಇಲ್ಲದವರಿಗೆ. ನಮ್ಮ ಹತ್ರ ಇತ್ತಲ್ಲ.

ವರದಿಗಾರ: ನಿಮ್ಮ ಹೊಸ ಪೀಳಿಗೆಯ ಬಗ್ಗೆ ಏನಂತೀರಿ? ಬಿಎಸ್-6 ಲಾರಿಗಳ ಸೈಲೆನ್ಸರ್ ಹೊಗೆಯನ್ನೂ ಶುದ್ಧ ಮಾಡುತ್ತದಂತೆ.

ಸೈಲೆನ್ಸರ್: 2020ರ ಏಪ್ರಿಲ್ ಆದಮ್ಯಾಲೆ ಹುಟ್ಟಿದವರು, ಓದಿದ ಹುಡುಗರು. ಮಸಿ ಹಿಡಿದು ಸುಟ್ಟು ಹಾಕೋ ಫಿಲ್ಟರ್ ಒಂದು, ಯೂರಿಯಾ ನೀರು ಸಿಂಪಡಿಸಿ ವಿಷದ ಗಾಳಿ ತೊಳೆಯೋದು ಇನ್ನೊಂದು, ಮೈತುಂಬ ಸೆನ್ಸರ್. ಆ ನೀರಿನಾಗ ನೂರಕ್ಕ 32.5 ಭಾಗ ಯೂರಿಯಾ. ಕಂಪ್ಲಿ ರೈತ ಯೂರಿಯಾ ಚೀಲಕ್ಕ ಸೊಸೈಟಿ ಮುಂದ ಚಪ್ಪಲಿ ಸಾಲು ಇಟ್ಟು ಕುಂತಿರ್ತಾನ, ಅವನ ಮುಂದನ ಲಾರಿ ಯೂರಿಯಾ ಕುಡಕೊಂತ ಹೋಗ್ತೈತಿ. ಆ ಹುಡುಗರಿಗೆ ಬೆಲಿ ಐತಿ ತಮ್ಮಾ. ಒಳಗ ಪ್ಲಾಟಿನಂ, ಪಲ್ಲಾಡಿಯಂ ಇರ್ತೈತಂತ. ಕಾರ್ ಕಡಿ ಈಕೋ ಗಾಡಿ ಸೈಲೆನ್ಸರ್ ರಾತ್ರೋರಾತ್ರಿ ಕಳುವು ಮಾಡೋ ಗ್ಯಾಂಗೇ ಹುಟ್ಟ್ಯಾವು. ನನ್ನ ಯಾವ ಕಳ್ಳನೂ ಮುಟ್ಟಲಿಲ್ಲ. ಢಾಬಾ ಮುಂದ ರಾತ್ರಿಯೆಲ್ಲಾ ಒಬ್ಬನ ಬಿದ್ದಿದ್ದೆ.

ವರದಿಗಾರ: ಹೊಟ್ಟೆಕಿಚ್ಚು?

ಸೈಲೆನ್ಸರ್: ಹೊಟ್ಟಿಕಿಚ್ಚು ಅವರ ಮ್ಯಾಲಲ್ಲ. ಹಂಪಿ ಕಲ್ಲಿನ ರಥದ ಮ್ಯಾಲ. ಹೊಗಿ ಇಲ್ಲ, ಎಫ್‌ಸಿ ಇಲ್ಲ, ಗಾಲಿ ತಿರುಗಂಗಿಲ್ಲ, ಆದರೂ 2017ರಾಗ 50 ರೂಪಾಯಿ ನೋಟಿನ ಮ್ಯಾಲ ಫೋಟೊ ಬಂತು. ಅದನ್ನ ನೋಡಾಕ ಹೋಗೋ ಮಂದಿಗೆ ಬ್ಯಾಟರಿ ಗಾಡಿ. ಕಲ್ಲಿಗೆ ಹೊಗಿ ಬಡೀಬಾರದಲ್ಲ. ಅಲ್ಲಿಂದ ಒಂದು ತಾಸಿನ ದಾರಿ ಸಂಡೂರು. ಅಲ್ಲಿ ಸಾಲಿ ಬಿಟ್ಟ ಮಕ್ಕಳು ರಸ್ತೆ ಬಾಜು ನಡಕೊಂತ ಹೋಗ್ತಿದ್ದರು, ನನ್ನ ಬಾಲ ಅವರ ಮಾರಿ ಎತ್ತರಕ್ಕ ಇತ್ತು. ಅವರ ಸಲುವಾಗಿ ಬ್ಯಾಟರಿ ಟಿಪ್ಪರ್ ಬಿಡ್ರಿ ಅಂತ ಯಾರೂ ಅಂದಿದ್ದು ನಾ ಕೇಳಿಲ್ಲ. ಕಲ್ಲಾಗಿ ಹುಟ್ಟಬೇಕಿತ್ತು ಆ ಮಕ್ಕಳು.

ವರದಿಗಾರ: 15 ವರ್ಷ ದಾಟಿದ ಲಾರಿಯ ಎಫ್‌ಸಿ ಶುಲ್ಕವನ್ನು ಕೇಂದ್ರ 2021ರ ಅಧಿಸೂಚನೆಯಲ್ಲಿ 12,500 ರೂಪಾಯಿಗೆ ಏರಿಸಿತು. ಮಾಲೀಕರು ಗಾಡಿಯನ್ನೇ ಗುಜರಿಗೆ ಹಾಕಲಿ ಎನ್ನುವುದು ಸರ್ಕಾರದ ಲೆಕ್ಕ. ನೀವು ಮೊದಲು ಬಂದಿರಿ, ಟಿಪ್ಪರ್ ಯಾವಾಗ?

ಸೈಲೆನ್ಸರ್: ಅದು ಬರಂಗಿಲ್ಲ. ದಿಲ್ಲಿಯಾಗ 10 ವರ್ಷದ ಮ್ಯಾಲಿನ ಡೀಸೆಲ್ ಗಾಡಿ ಓಡಬಾರದು ಅಂತ 2015ರಾಗ ಹಸಿರು ನ್ಯಾಯಮಂಡಳಿ ಅಂತಲ್ಲ, ಆ ಗಾಡಿಗಳೆಲ್ಲಾ ಸತ್ತವೇನು? ಎಷ್ಟೋ ಗಾಡಿ ಎನ್‌ಒಸಿ ತಗೊಂಡು ಬ್ಯಾರೆ ರಾಜ್ಯಕ್ಕ ಹೋದವು. ನಮ್ಮದು ಹೋಗಾಕ ಜಾಗನೂ ಇಲ್ಲ, ಇಲ್ಲೇ ಓಡ್ತೈತಿ. ಸಾವ್ಕಾರ್ರ ಮಗಳ ಮದುವಿ ಸಾಲ ಇನ್ನೂ ಆ ಗಾಡಿ ಮ್ಯಾಲ ಐತಿ. ಹೊಸ ಟಿಪ್ಪರಿನ ಬೆಲಿ ಕೇಳಿ ಅವರು ಶೋರೂಮಿನಾಗ ನೀರು ಕುಡಿದು ಎದ್ದು ಬಂದ್ರು. ಅವರನ್ನ ಬೈಯಾಕ ನನಗ ಮನಸ್ಸು ಬರಂಗಿಲ್ಲ. ಫಿಲ್ಟರ್ ವಿಷಯ ಬಿಟ್ಟು.

ಇಷ್ಟರಲ್ಲಿ ಬೈಕೊಂದು ಅಂಗಡಿ ಮುಂದೆ ಬಂದು ನಿಂತಿತು. ಟಿಪ್ಪರ್ ಮಾಲೀಕರು. ಕೈಯಲ್ಲಿ ಎಮಿಷನ್ ಕೇಂದ್ರದವರು ಕೊಟ್ಟ ಚೀಟಿ. ಹೊಸ ಸೈಲೆನ್ಸರ್ ಹಾಕಿಸಿ ನೇರ ಟೆಸ್ಟಿಗೆ ಹೋಗಿದ್ದಾರೆ. ಹೊಸದಕ್ಕೆ ಒಂದೂ ತೂತಿಲ್ಲ. ಎಂಜಿನ್ ಉಗುಳಿದ ಹೊಗೆ ಒಂದಿಷ್ಟೂ ಪೋಲಾಗದೆ, ತೆಳ್ಳಗಾಗದೆ ಬಾಲದ ತನಕ ಬಂದು ಮೀಟರಿಗೆ ಬಡಿದಿದೆ. ಫೇಲ್.

‘ಅಣ್ಣಾ, ಮುಂಜಾನಿ ಕೊಟ್ಟ ಸೈಲೆನ್ಸರ್ ಐತೇನು? ತೂಕಕ್ಕ ಹಾಕಿಲ್ಲಲ್ಲ?’

ಗುಜರಿಯವರು ನಮ್ಮತ್ತ ಒಮ್ಮೆ, ಸೈಲೆನ್ಸರಿನತ್ತ ಒಮ್ಮೆ ನೋಡಿದರು. ‘ಐತ್ರಿ ಸಾವ್ಕಾರ್ರೆ. ಯಾಕ? ಹೊಸಾದು ಹಾಕಿಸಿದಿರಲ್ಲ?’

‘ಅದು ಎಫ್‌ಸಿಗೆ ಇರ್ಲಿ. ಎಮಿಷನ್‌ಗೆ ಇದು ಬೇಕು. ಟೆಸ್ಟ್ ಮುಗಿಸಿ ಸಂಜೀಗೆ ವಾಪಸ್ ತಂದು ಕೊಡ್ತೀನಿ. ಮುಂಜಾನಿ ಕೊಟ್ಟ ರೇಟಿಗೇ ಕೊಡು.’

ಸೈಲೆನ್ಸರ್ ನಮ್ಮ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಹೇಳಿತು: ‘ತಮ್ಮಾ, ಅವರಿಗೆ ಹೇಳು. ಮುಂಜಾನಿ ರೇಟು ಕಬ್ಬಿಣದ್ದು. ಈಗಿಂದು ತೂತಿಂದು.’

ನಾವು ಹೇಳುವ ಮೊದಲೇ ಗುಜರಿಯವರು ಬಾಡಿಗೆಯ ಲೆಕ್ಕ ಶುರು ಮಾಡಿದ್ದರು. ಆರು ತಿಂಗಳಿಗೊಮ್ಮೆ, ಅಡ್ವಾನ್ಸ್ ಬೇರೆ.