ಅಪ್ಪನೆಂದು ಸಹಿ ಮಾಡಿ, ಅಪ್ಪನೇ ಎಂದು ಕೇಳಿ

ಮನೆಬಾಗಿಲಿಗೆ ಡಿಎನ್‌ಎ ಕಿಟ್ ಕಳಿಸುವ ಲ್ಯಾಬಿನ ಮಾಲೀಕರಿಗೆ,

ನೀವು ಕೊರಿಯರ್‌ನಲ್ಲಿ ಮನಶ್ಶಾಂತಿ ಮಾರುತ್ತಿದ್ದೀರೆಂದು ತಿಳಿದು ಸಂತೋಷವಾಯಿತು. ನಮ್ಮ ಕಡೆ ಇಂಥ ಅನುಮಾನ ಹುಟ್ಟಿದರೆ ಧರ್ಮಸ್ಥಳಕ್ಕೆ ಹೋಗಿ ಆಣೆ-ಪ್ರಮಾಣ ಮಾಡಿಸುವುದಿತ್ತು. ಅದಕ್ಕಾದರೂ ಗಂಡ-ಹೆಂಡತಿ ಎದುರುಬದುರು ನಿಲ್ಲಬೇಕಿತ್ತು. ನೀವು ಆ ತಾಪತ್ರಯವನ್ನೂ ತಪ್ಪಿಸಿದ್ದೀರಿ.

ನಿಮ್ಮ ಕಿಟ್ಟನ್ನು ಬಿಚ್ಚಿ ನೋಡಿದೆ. ತುದಿಗೆ ಹತ್ತಿ ಸುತ್ತಿದ ಕಡ್ಡಿಗಳು, ಎರಡು ಕಾಗದದ ಲಕೋಟೆ, ಒಂದು ಫಾರಂ. ಸೂಚನೆಗಳು ಬಲು ಸ್ಪಷ್ಟ: ಅರ್ಧ ಗಂಟೆ ಮುಂಚಿನಿಂದ ಮಗುವಿಗೆ ಏನೂ ತಿನ್ನಿಸಬೇಡಿ, ಕೆನ್ನೆಯ ಒಳಗೆ ಅರ್ಧ ನಿಮಿಷ ತಿಕ್ಕಿ, ಕಡ್ಡಿ ಆರಲು ಬಿಡಿ, ಪ್ಲಾಸ್ಟಿಕ್‌ನಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ಬಗ್ಗೆ ಇಷ್ಟು ಕಾಳಜಿ ಇರುವವರು, ಏನು ಹೇಳಿ ಮಗುವಿನ ಬಾಯಿ ತೆರೆಸಬೇಕೆಂದೂ ಒಂದು ಸಾಲು ಬರೆಯಬಹುದಿತ್ತು. ‘ಹಲ್ಲು ನೋಡ್ತೀನಿ, ಆ ಅನ್ನು ಪುಟ್ಟಾ’ ಅಂದರೆ ನಡೆಯುತ್ತದೆಯೆ? ಅಮ್ಮ ಅಡುಗೆಮನೆಯಲ್ಲಿದ್ದಾಗಲೇ ಮುಗಿಸಬೇಕೆ? ಆಕೆಯ ಮಾದರಿ ನಿಮಗೆ ಕಡ್ಡಾಯವಲ್ಲ. ಆಕೆಯ ಒಪ್ಪಿಗೆಗಂತೂ ಕಾಲಂ ಇಲ್ಲವೇ ಇಲ್ಲ.

ನಾನು ಮನಸೋತದ್ದು ನಿಮ್ಮ ಲಕೋಟೆಗೆ ಮತ್ತು ಫಾರಂಗೆ. ಲಕೋಟೆಯ ಮೇಲೆ ಆ ಗಂಡಸು ‘ಆಪಾದಿತ ತಂದೆ’. ಫಾರಂನ ಕೆಳತುದಿಯಲ್ಲಿ, ಅಪ್ರಾಪ್ತ ಮಗುವಿನ ಪರವಾಗಿ ಒಪ್ಪಿಗೆ ಕೊಡುವ ಜಾಗದಲ್ಲಿ, ಅದೇ ಮನುಷ್ಯ ‘ತಂದೆ’. ಅಂದರೆ ತಾನು ಅಪ್ಪನೆಂಬ ಹಕ್ಕಿನ ಮೇಲೆ, ತಾನು ಅಪ್ಪನೋ ಅಲ್ಲವೋ ತಿಳಿಯುವುದಕ್ಕೆ, ತನಗೆ ತಾನೇ ಅಪ್ಪಣೆ ಕೊಟ್ಟುಕೊಳ್ಳುತ್ತಾನೆ. ವರದಿ 99.99 ಬಂತೋ, ಸಹಿ ಸರಿ, ದುಡ್ಡು ದಂಡ. ಸೊನ್ನೆ ಬಂತೋ, ದುಡ್ಡು ಸಾರ್ಥಕ, ಸಹಿ ಯಾರದು? ಯಾವನೋ ಒಬ್ಬ ಯಾರದೋ ಮಗುವಿನ ಬಾಯಿಗೆ ಕಡ್ಡಿ ಹಾಕಿದಂತಾಯಿತಲ್ಲ ಸ್ವಾಮಿ!

1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೇ ಕಲಂ ಸಹಜ ಪಾಲಕರ ಸಾಲಿನಲ್ಲಿ ಅಪ್ಪನನ್ನು ಮುಂದೆ, ಅಮ್ಮನನ್ನು ಹಿಂದೆ ನಿಲ್ಲಿಸಿದೆ. (1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಹಿಂದು-ಮುಂದನ್ನು ಸಡಿಲ ಮಾಡಿತು, ಆ ಮಾತು ಬೇರೆ.) ಮದುವೆಯಾಚೆ ಹುಟ್ಟಿದ ಮಗುವಾದರೆ ಸಾಲು ತಿರುಗುತ್ತದೆ: ಅಮ್ಮ ಮೊದಲು. ಹಾಗಾಗಿ ಗಂಡನ ಲೆಕ್ಕವೇ ಸರಿ ಎಂದಿಟ್ಟುಕೊಂಡರೆ, ಸಹಿ ಹಾಕಬೇಕಾದವಳು ಅಡುಗೆಮನೆಯಲ್ಲಿ ಇದ್ದವಳು.

ಇನ್ನು ನಿಮ್ಮ ಸೊನ್ನೆ ಕಾನೂನಿನ ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ. ನೀವೇ ಸಣ್ಣ ಅಕ್ಷರದಲ್ಲಿ ಅದನ್ನು ಒಪ್ಪಿಕೊಂಡಿದ್ದೀರಿ. 1872ರ ಸಾಕ್ಷ್ಯ ಕಾಯ್ದೆಯ 112ನೇ ಕಲಂ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 116 ಆಗಿದೆ. ನಂಬರ್ ಬದಲಾಯಿತು, ಹಟ ಬದಲಾಗಲಿಲ್ಲ. ಮದುವೆ ಊರ್ಜಿತವಿರುವಾಗ ಹುಟ್ಟಿದ ಮಗು, ಅಥವಾ ಮದುವೆ ಮುರಿದ 280 ದಿನದೊಳಗೆ, ತಾಯಿ ಮರುಮದುವೆಯಾಗದೆ ಇರುವಾಗ ಹುಟ್ಟಿದ ಮಗು ಆ ಗಂಡನದೇ. ಅಲ್ಲವೆನ್ನಬೇಕಾದರೆ ಇಬ್ಬರೂ ಸೇರುವ ಅವಕಾಶವೇ ಇರಲಿಲ್ಲವೆಂದು ಅವನು ತೋರಿಸಬೇಕು. 2014ರಲ್ಲಿ ಒಂದು ಜೀವನಾಂಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿಜ್ಞಾನಕ್ಕೇ ಮಣೆ ಹಾಕಿದ್ದುಂಟು. ಆದರೆ 2023ರ ಫೆಬ್ರವರಿಯಲ್ಲಿ, ಗಂಡ ಮೊದಲೇ ಖಾಸಗಿ ಪರೀಕ್ಷೆ ಮಾಡಿಸಿಟ್ಟುಕೊಂಡಿದ್ದ ಒಂದು ಪ್ರಕರಣ ನ್ಯಾಯಮೂರ್ತಿ ವಿ. ರಾಮಸುಬ್ರಮಣಿಯನ್ ಮತ್ತು ನಮ್ಮವರೇ ಆದ ಬಿ.ವಿ. ನಾಗರತ್ನ ಅವರ ಮುಂದೆ ಬಂತು. ಹೆಂಡತಿಯ ನಡತೆ ಸಾಬೀತು ಮಾಡಬೇಕಿದ್ದರೆ ಬೇರೆ ಸಾಕ್ಷ್ಯ ತರಲಿ, ಆ ಜಗಳಕ್ಕೆ ಮಗುವನ್ನು ಎಳೆಯುವುದು ಬೇಡ ಎಂಬುದು ತೀರ್ಪಿನ ಸಾರ. ತನ್ನ ಹುಟ್ಟನ್ನು ಸುಮ್ಮಸುಮ್ಮನೆ ಕೆದಕಿಸಿಕೊಳ್ಳದಿರುವ ಹಕ್ಕು ಮಗುವಿಗಿದೆ ಎಂದೂ ಅದು ಹೇಳಿತು. ಇದು ನಿಮಗೆ ಹೊಳೆದಿಲ್ಲ, ಇರಲಿ. ಸುಪ್ರೀಂ ಕೋರ್ಟಿನವರು ಹೋಮ್ ಡೆಲಿವರಿ ಮಾಡುವುದಿಲ್ಲ.

ಪರೀಕ್ಷೆಯ ಮೇಲೆ ನನಗೆ ಸಿಟ್ಟಿಲ್ಲ. ‘ನನ್ನದಲ್ಲ’ ಎಂದು ಕೈಕೊಡವಿ ಎದ್ದುಹೋದ ಗಂಡಸರನ್ನು ಹಿಡಿದು ಕೂರಿಸಿದ್ದೂ ಇದೇ ಪರೀಕ್ಷೆ. ಎನ್.ಡಿ. ತಿವಾರಿ ತನ್ನ ತಂದೆಯೆಂದು ರೋಹಿತ್ ಶೇಖರ್ 2008ರಲ್ಲಿ ದಿಲ್ಲಿ ಹೈಕೋರ್ಟಿಗೆ ಹೋದರು. ತಿವಾರಿಯವರು ರಕ್ತ ಕೊಡಲಾರೆನೆಂದರು. ಮಾನ, ಖಾಸಗಿತನ, ಎಲ್ಲವೂ ಅಡ್ಡ ಬಂದವು. ಸುಪ್ರೀಂ ಕೋರ್ಟಿನವರೆಗೂ ಹೋಗಿ ಬಂದ ಮೇಲೆ, 2012ರ ಮೇ 29ರಂದು, ಡೆಹ್ರಾಡೂನಿನ ಅವರ ಮನೆಯಲ್ಲೇ ರಕ್ತ ತೆಗೆದರು. ಜುಲೈನಲ್ಲಿ ಅವರೇ ತಂದೆಯೆಂದು ಹೊರಬಿತ್ತು. 86 ವರ್ಷದ ಮಾಜಿ ಮುಖ್ಯಮಂತ್ರಿಯ ತೋಳಿಗೆ ಸೂಜಿ ಚುಚ್ಚಲು ನಾಲ್ಕು ವರ್ಷ. ನಾಲ್ಕು ವರ್ಷದ ಹುಡುಗನ ಕೆನ್ನೆಗೆ ಕಡ್ಡಿ ತಿಕ್ಕಲು ಅರ್ಧ ನಿಮಿಷ. ಅವನ ಪರ ವಕಾಲತ್ತು ಹಾಕುವವರಿಲ್ಲ ನೋಡಿ, ಅದಕ್ಕೇ ನಿಮ್ಮ ಸೇವೆ ಇಷ್ಟು ಚುರುಕು.

ವ್ಯಾಪಾರ ವಿಸ್ತರಿಸುವ ಯೋಚನೆಯಿದ್ದರೆ ಫ್ರಾನ್ಸಿಗೆ ಮಾತ್ರ ಹೋಗಬೇಡಿ. ಅಲ್ಲಿ ಕೋರ್ಟಿನ ಅಪ್ಪಣೆಯಿಲ್ಲದೆ ಈ ಪರೀಕ್ಷೆಗಿಳಿದರೆ ಒಂದು ವರ್ಷ ಜೈಲು, 15,000 ಯೂರೋ ದಂಡ. ಜರ್ಮನಿಯೂ ಬೇಡ. ಅಲ್ಲಿ 2008ರ ಕಾನೂನಿನಂತೆ ಅಪ್ಪ, ಅಮ್ಮ, ಮಗು ಮೂವರೂ ಒಬ್ಬರನ್ನೊಬ್ಬರು ಒಪ್ಪಿಗೆ ಕೇಳಬೇಕು, ಕೊಡದಿದ್ದರೆ ಕೋರ್ಟು ನೋಡಿಕೊಳ್ಳುತ್ತದೆ. ಇಲ್ಲೇ ಇರಿ. ಇಲ್ಲಿ 2019ರಲ್ಲಿ ಲೋಕಸಭೆಗೆ ಬಂದ ಡಿಎನ್‌ಎ ತಂತ್ರಜ್ಞಾನ ನಿಯಂತ್ರಣ ಮಸೂದೆಯನ್ನು 2023ರ ಜುಲೈನಲ್ಲಿ ಸರ್ಕಾರವೇ ವಾಪಸು ಪಡೆಯಿತು.

ಕೊನೆಗೆ ಎರಡು ವಿಚಾರಣೆ. ವರದಿ ಸೊನ್ನೆ ಬಂದು, ಸಹಿ ಹಾಕಿದವನಿಗೆ ಸಹಿಯ ಅಧಿಕಾರವೇ ಇರಲಿಲ್ಲವೆಂದಾದರೆ, ಕಟ್ಟಿದ ಹಣ ವಾಪಸು ಕೊಡುತ್ತೀರಾ? ಜಿಎಸ್‌ಟಿ ಸಮೇತವೆ? ಎರಡನೆಯದು, ಕೆನ್ನೆ ಯಾರದೋ ಅವರಿಗೂ ವರದಿಯ ಒಂದು ಪ್ರತಿ ಸಲ್ಲಬೇಕಲ್ಲವೆ? ಹುಡುಗನಿಗೆ 18 ತುಂಬಿದ ದಿನ ಅಂಚೆಗೆ ಹಾಕಿ. ಕವರಿನ ಮೇಲೆ ಅವನ ಹೆಸರಿನ ಮುಂದೆ ಯಾವ ಇನಿಶಿಯಲ್ ಬರೆಯುತ್ತೀರೆಂದು ಮರುಟಪಾಲಿನಲ್ಲಿ ತಿಳಿಸಿ.

ಇತಿ,
ನಿಮ್ಮ ಗ್ರಾಹಕನಲ್ಲದ ಒಬ್ಬ ಓದುಗ